ಅಗ್ಗದ ಎಲೆಕ್ಟ್ರಿಕ್ ಗಿಟಾರ್: ಯಂತ್ರ ಮಾಡಿದ್ದು, ಕೈ ಮಾಡದೆ ಬಿಟ್ಟದ್ದು

ಹತ್ತರಿಂದ ಇಪ್ಪತ್ತು ಸಾವಿರ ರೂಪಾಯಿಯೊಳಗೆ ಎಲೆಕ್ಟ್ರಿಕ್ ಗಿಟಾರ್ ಬೇಕೆನ್ನುವ ಕಲಬುರಗಿಯವರಿಗೆ ಸಾಮಾನ್ಯವಾಗಿ ಎರಡು ದಾರಿ. ಮೊಬೈಲಿನಲ್ಲಿ ಚಿತ್ರ ನೋಡಿ ಆರ್ಡರ್ ಮಾಡುವುದು ಒಂದು. ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗಿ ಅಂಗಡಿಯ ಗೋಡೆಯಿಂದ ಕೆಳಗಿಳಿಸಿ ನೋಡುವುದು ಇನ್ನೊಂದು. ಎರಡರಲ್ಲೂ ಕಣ್ಣು ಮೊದಲು ಹೋಗುವುದು ಬಣ್ಣದ ಮೇಲೆ, ಆಮೇಲೆ ತಲೆಯ ಮೇಲಿನ ಹೆಸರಿನ ಮೇಲೆ, ಆಮೇಲೆ ಹೊಳೆಯುವ ಲೋಹದ ಮೇಲೆ. ಅಂಗಡಿಯವರೂ ಇವನ್ನೇ ಬಟ್ಟೆಯಲ್ಲಿ ಒರೆಸಿ ತೋರಿಸುತ್ತಾರೆ. ಬೆಲೆ ಉಳಿಸಲು ಕಾರ್ಖಾನೆ ಕೈ ಬಿಗಿ ಹಿಡಿಯುವ ಜಾಗಗಳು ಮಾತ್ರ ಬೇರೆಯೇ ಇವೆ.

ಈ ದರದ ಗಿಟಾರುಗಳಲ್ಲಿ ಬಹುಪಾಲು ಚೀನಾ ಅಥವಾ ಇಂಡೋನೇಷ್ಯಾದಲ್ಲಿ ತಯಾರಾಗುತ್ತವೆ. ಕೊರಿಯಾ ಮೂಲದ ಕಾರ್ಟ್ ಕಂಪನಿ ಇಂಡೋನೇಷ್ಯಾದ ಸುರಬಾಯದಲ್ಲಿರುವ ತನ್ನ ಕಾರ್ಖಾನೆಯಲ್ಲಿ ತನ್ನ ಹೆಸರಿನ ಗಿಟಾರುಗಳ ಜೊತೆಗೆ ಬೇರೆ ದೊಡ್ಡ ಬ್ರ್ಯಾಂಡುಗಳಿಗೂ ಮಾಡಿಕೊಡುತ್ತದೆ. ಅಲ್ಲಿ ಮರವನ್ನು ಕೊರೆಯುವುದು ಕಂಪ್ಯೂಟರ್ ಹೇಳಿದಂತೆ ಕೇಳುವ ಯಂತ್ರ. ಹದಿನೈದು ಸಾವಿರದ ಗಿಟಾರಿನ ಮೈಯನ್ನೂ ಲಕ್ಷದ ಗಿಟಾರಿನ ಮೈಯನ್ನೂ ಅದು ಒಂದೇ ನಿಖರತೆಯಲ್ಲಿ ಕೊರೆಯಬಲ್ಲದು. ಬಣ್ಣ ಸಿಂಪಡಿಸುವುದು, ಹೊಳಪು ಕೊಡುವುದು, ಲೋಹದ ಭಾಗಗಳನ್ನು ಎರಕ ಹೊಯ್ಯುವುದು ಕೂಡ ಸಾಲಿನಲ್ಲಿ ನಡೆಯುವ ಕೆಲಸ. ಆದರೆ ಗಿಟಾರಿನ ಕತ್ತಿನ (ನೆಕ್) ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಗೆರೆಗಳಾದ ಫ್ರೆಟ್‌ಗಳ ತುದಿಯನ್ನು ಒಂದೊಂದಾಗಿ ತೀಡಿ ನುಣುಪಾಗಿಸುವುದು, ತಂತಿ ಕೂರುವ ಗಾಡಿಯನ್ನು, ಅಂದರೆ ಸಣ್ಣ ತೋಡನ್ನು, ಸರಿಯಾದ ಆಳಕ್ಕೆ ಇಳಿಸುವುದು, ಕೊನೆಗೆ ಒಬ್ಬರು ಕುಳಿತು ನುಡಿಸಿ ನೋಡಿ ತಿರುಪುಗಳನ್ನು ಹೊಂದಿಸುವುದು, ಇವು ಮನುಷ್ಯನ ಕೈ ಬೇಡುವ ಕೆಲಸಗಳು. ಅಗ್ಗದ ಗಿಟಾರಿನಲ್ಲಿ ಕಡಿತವಾಗುವುದು ಈ ಕೈಯ ಹೊತ್ತು. ಆದ್ದರಿಂದ ಯಂತ್ರ ಮಾಡಿದ್ದನ್ನು ಮೆಚ್ಚುತ್ತಾ ಕೂರದೆ, ಕೈ ಮಾಡಬೇಕಾದದ್ದು ಆಗಿದೆಯೇ ಎಂದು ಹುಡುಕುವುದು ಒಳ್ಳೆಯದು.

ಮೊದಲು ನೆಕ್

ಗಿಟಾರಿನ ಉಳಿದೆಲ್ಲ ಭಾಗಗಳನ್ನು ಬದಲಾಯಿಸಬಹುದು. ನೆಕ್ ಬದಲಾಯಿಸುವುದೆಂದರೆ ಈ ಬೆಲೆಯಲ್ಲಿ ಹೆಚ್ಚುಕಡಿಮೆ ಇನ್ನೊಂದು ಗಿಟಾರನ್ನೇ ಕೊಂಡಂತೆ. ಹಾಗಾಗಿ ಸಮಯವಿದ್ದರೆ ಮುಕ್ಕಾಲು ಪಾಲನ್ನು ಇಲ್ಲೇ ಕಳೆಯಬೇಕು.

ಅಂಗೈಯನ್ನು ನೆಕ್‌ನ ಎರಡೂ ಅಂಚುಗಳ ಮೇಲೆ ಮೇಲಿನಿಂದ ಕೆಳಕ್ಕೆ ಜಾರಿಸಿ. ಫ್ರೆಟ್‌ಗಳ ತುದಿ ಚರ್ಮಕ್ಕೆ ತರಚಿದರೆ ಎರಡು ಕಾರಣಗಳಿರಬಹುದು. ಕಾರ್ಖಾನೆಯಲ್ಲಿ ತುದಿ ತೀಡದೇ ಬಿಟ್ಟಿರಬಹುದು. ಇಲ್ಲವೇ ತೀಡಿದ ಮೇಲೆ ಮರವೇ ಕುಗ್ಗಿರಬಹುದು. ಎರಡನೆಯದು ನಮ್ಮ ಕಡೆಯವರಿಗೆ ವಿಶೇಷವಾಗಿ ಸಂಬಂಧಿಸಿದ ವಿಷಯ.

ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಬಿಟ್ಟಾಗ ಉದ್ದಕ್ಕೆ ಕುಗ್ಗುವುದು ಗಮನಕ್ಕೂ ಬರುವುದಿಲ್ಲ, ಅಡ್ಡಕ್ಕೆ ಕುಗ್ಗುವುದು ಕೈಗೆ ತಿಳಿಯುತ್ತದೆ. ಫ್ರೆಟ್ ಮಾತ್ರ ಲೋಹ. ಅದರ ಮಿಶ್ರಲೋಹಕ್ಕೆ ನಿಕಲ್ ಸಿಲ್ವರ್ ಎಂದು ಹೆಸರಿದ್ದರೂ ಬೆಳ್ಳಿ ಅದರಲ್ಲಿಲ್ಲ. ತಾಮ್ರ, ಸತು ಮತ್ತು ನಿಕಲ್ ಇವೆ. ತೇವ ಹೋದರೂ ಅದು ಕುಗ್ಗುವುದಿಲ್ಲ. ಕಡಲ ನಡುವಿನ ಇಂಡೋನೇಷ್ಯಾದ ತೇವದಲ್ಲಿ ಸರಿಯಾಗಿ ಕೂತಿದ್ದ ಫ್ರೆಟ್, ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಕಲಬುರಗಿಯ ಒಣ ಗಾಳಿಗೆ ಬಂದಾಗ ಮರ ಹಿಂದೆ ಸರಿದು ತುದಿ ಹೊರಗೆ ಚಾಚುತ್ತದೆ. ಚಾಚಿದ್ದು ಮಿಲಿಮೀಟರಿನ ಒಂದು ಸಣ್ಣ ಪಾಲಷ್ಟೇ ಇದ್ದರೂ ಬೆರಳಿಗೆ ಅದು ಗರಗಸ. ಬೀದರ್ ಎತ್ತರದಲ್ಲಿರುವುದರಿಂದ ಸೆಕೆ ಒಂದು ಗುಂಜಿ ಕಡಿಮೆ. ಚಳಿಗಾಲದ ಒಣ ಗಾಳಿಯಿಂದ ಅದಕ್ಕೂ ವಿನಾಯಿತಿ ಇಲ್ಲ.

ಇದರಿಂದ ಕೊಳ್ಳುವವರಿಗೆ ಒಂದು ಉಪಯೋಗದ ತಿಳಿವಳಿಕೆ ಸಿಗುತ್ತದೆ. ಗಿಟಾರ್ ಪರೀಕ್ಷಿಸಲು ಒಳ್ಳೆಯ ತಿಂಗಳು ಮೇ. ಬೇಸಿಗೆಯಲ್ಲೂ ಅಂಚು ನುಣುಪಾಗಿದ್ದರೆ ಆ ಮರ ಚೆನ್ನಾಗಿ ಒಣಗಿದ್ದು, ಮುಂದೆಯೂ ಕಾಟ ಕೊಡುವುದಿಲ್ಲ. ಆಗಸ್ಟ್‌ನ ಮಳೆಯಲ್ಲಿ ನುಣುಪಾಗಿದ್ದದ್ದು ಬೇಸಿಗೆಯಲ್ಲೂ ಹಾಗೆಯೇ ಇರುತ್ತದೆ ಎಂಬ ಭರವಸೆಯಿಲ್ಲ. ತುದಿ ತೀಡಿಸುವುದಾದರೂ ಬೇಸಿಗೆಯಲ್ಲೇ ತೀಡಿಸಬೇಕು, ಮರ ಅತಿ ಹೆಚ್ಚು ಕುಗ್ಗಿರುವಾಗ. ಆಗ ಅದು ಮತ್ತೆ ಹೊರಗೆ ಬರಲು ಕಾರಣವೇ ಇರುವುದಿಲ್ಲ. ಮಳೆಗಾಲದಲ್ಲಿ ತೀಡಿಸಿದರೆ ಮುಂದಿನ ವರ್ಷ ಮತ್ತೆ ಅದೇ ಕೆಲಸ. ಅಕ್ಕಸಾಲಿಗರು ಬಳಸುವ ಸಣ್ಣ ಅರ, ಮರಕ್ಕೆ ಗೀರು ಬೀಳದಂತೆ ಅಂಟಿಸಲು ಕಾಗದದ ಟೇಪು, ಒಂದು ಸಂಜೆಯ ತಾಳ್ಮೆ ಇದ್ದರೆ ಮನೆಯಲ್ಲೇ ಆಗುತ್ತದೆ. ಹೀಗಾಗಿ ತರಚುವ ತುದಿಯನ್ನು ನಾನು ದೋಷವೆಂದು ಎಣಿಸಿದರೂ ಗಿಟಾರನ್ನು ತಳ್ಳಿಹಾಕುವ ದೋಷವೆಂದು ಎಣಿಸುವುದಿಲ್ಲ. ಬೆಲೆ ಇಳಿಸಲು ಕೇಳುವುದಕ್ಕೆ ಅದು ಸಾಕು.

ತಳ್ಳಿಹಾಕಬೇಕಾದದ್ದು ಫ್ರೆಟ್‌ಗಳ ಎತ್ತರ ಒಂದೇ ಸಮ ಇಲ್ಲದಿದ್ದಾಗ. ಜೇಬಿನಲ್ಲಿರುವ ಎಟಿಎಂ ಕಾರ್ಡಿನ ನೇರವಾದ ಅಂಚನ್ನು ಅಕ್ಕಪಕ್ಕದ ಮೂರು ಫ್ರೆಟ್‌ಗಳ ಮೇಲೆ ನಿಲ್ಲಿಸಿ, ಮೆಲ್ಲಗೆ ಅತ್ತಿತ್ತ ಒತ್ತಿ. ಕಾರ್ಡ್ ಕದಲದೆ ಕೂತರೆ ಮೂರೂ ಸಮ. ಕುಂಟುವ ಕುರ್ಚಿಯಂತೆ ಅಲ್ಲಾಡಿದರೆ ನಡುವಿನ ಫ್ರೆಟ್ ಎದ್ದಿದೆ. ತಲೆಯ ಕಡೆ ಕಾರ್ಡಿನ ಉದ್ದದ ಅಂಚು, ಮೈಯ ಕಡೆ ಫ್ರೆಟ್‌ಗಳು ಒತ್ತಾಗುವಲ್ಲಿ ಗಿಡ್ಡ ಅಂಚು ಬಳಸಬೇಕು. ಆಮೇಲೆ ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲಿ ಒತ್ತಿ ಒಮ್ಮೆ ಮೀಟಿ ನೋಡಬೇಕು. ಬೇಸರದ ಕೆಲಸ, ನಿಜ. ಅಂಗಡಿಯವರ ಮುಖವೂ ಸಣ್ಣದಾಗಬಹುದು. ಒಂದೆರಡು ಕಡೆ ಝುಂ ಎನ್ನುವುದು ಸರಿಪಡಿಸಬಹುದಾದದ್ದು. ಸ್ವರವೇ ಸತ್ತು ಪಕ್ಕದ ಫ್ರೆಟ್‌ನ ಸ್ವರ ಬರುತ್ತಿದ್ದರೆ, ಅದನ್ನು ತೀಡಿ ಸಮ ಮಾಡುವವರು ನಮ್ಮ ಕಡೆಯ ಜಿಲ್ಲೆಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಹಾರ್ಮೋನಿಯಂ ಬಿಚ್ಚಿ ಕಟ್ಟಬಲ್ಲವರು ಭಜನೆಯ ಊರುಗಳಲ್ಲಿ ಇದ್ದಾರೆ. ಫ್ರೆಟ್‌ನ ಕೆಲಸವೇ ಬೇರೆ.

ನೆಕ್‌ನ ಒಳಗೆ ಒಂದು ಉಕ್ಕಿನ ಸರಳಿದೆ, ಟ್ರಸ್ ರಾಡ್. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಇದಕ್ಕೆ 1923ರಲ್ಲಿ ಪೇಟೆಂಟ್ ಪಡೆದ. ತಂತಿಗಳ ಎಳೆತಕ್ಕೆ ನೆಕ್ ಬಾಗುವುದನ್ನು ಇದು ಎದುರಿಸುತ್ತದೆ. ಮೊದಲ ಫ್ರೆಟ್‌ನಲ್ಲಿಯೂ ನೆಕ್ ಮೈಯನ್ನು ಸೇರುವ ಜಾಗದಲ್ಲಿಯೂ ದಪ್ಪ ತಂತಿಯನ್ನು ಏಕಕಾಲಕ್ಕೆ ಒತ್ತಿ ಹಿಡಿದು, ನಡುವೆ ಏಳನೆಯ ಫ್ರೆಟ್‌ನ ಮೇಲೆ ಎಷ್ಟು ಸಂದು ಇದೆ ನೋಡಿ. ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು, ಅಂದರೆ ಸುಮಾರು ಕಾಲು ಮಿಲಿಮೀಟರ್ ಇದ್ದರೆ ಸರಿ. ಹೆಚ್ಚಿದ್ದರೆ ಸರಳನ್ನು ಬಿಗಿಸಬಹುದು, ಏನೂ ಇಲ್ಲದಿದ್ದರೆ ಸಡಿಲಿಸಬಹುದು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಬಾಗಿದ ನೆಕ್ ಕಂಡು ಹೆದರಬೇಕಿಲ್ಲ. ತಿರುಚಿದ ನೆಕ್ ಕಂಡರೆ ಹೆದರಬೇಕು. ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಮೈಯ ತುದಿಯಿಂದ ತಲೆಯ ಕಡೆಗೆ ನೋಡಿದಾಗ ನಟ್ (ತಲೆಯ ಬಳಿ ತಂತಿಗಳು ಹಾಯುವ ಪಟ್ಟಿ) ಮತ್ತು ಕೊನೆಯ ಫ್ರೆಟ್ ಸಮಾನಾಂತರವಾಗಿ ಕಾಣಬೇಕು. ಒಂದು ಬದಿ ಎದ್ದು ಇನ್ನೊಂದು ಇಳಿದಿದ್ದರೆ ಯಾವ ಸರಳೂ ಅದನ್ನು ನೆಟ್ಟಗೆ ಮಾಡಲಾರದು.

ಫ್ರೆಟ್‌ಗಳು ಕೂತ ಪಟ್ಟಿಯ, ಅಂದರೆ ಫ್ರೆಟ್‌ಬೋರ್ಡಿನ, ಮರದ ಬಗ್ಗೆ ಒಂದು ಮಾತು. ಹಿಂದೆ ಇಲ್ಲಿ ಬೀಟೆ ಜಾತಿಯ ಮರಗಳೇ ಸಾಮಾನ್ಯವಾಗಿದ್ದವು. 2017ರ ಜನವರಿಯಲ್ಲಿ ಆ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿದ ಮೇಲೆ ಕಂಪನಿಗಳು ಬೇರೆ ಮರ ಹುಡುಕಿದವು. ಫೆಂಡರ್‌ನ ಅಗ್ಗದ ಶಾಖೆಯಾದ ಸ್ಕ್ವಯರ್ ಆರಿಸಿಕೊಂಡ ‘ಇಂಡಿಯನ್ ಲಾರೆಲ್’ ನಮ್ಮ ಮತ್ತಿ ಮರ. 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತಾದರೂ ಮತ್ತಿ ತನ್ನ ಜಾಗ ಬಿಟ್ಟುಕೊಡಲಿಲ್ಲ. ಐಬನೆಜ್‌ನ ಅಗ್ಗದ ಮಾದರಿಗಳಲ್ಲಿ ಜಟೋಬ ಎಂಬ ದಕ್ಷಿಣ ಅಮೆರಿಕದ ಮರ ಕಾಣುತ್ತದೆ. ಇವು ಬೀಟೆಗಿಂತ ತಿಳಿ ಬಣ್ಣ, ಕೆಲವೊಮ್ಮೆ ಪೇಲವವಾಗಿ ಕಾಣುತ್ತವೆ. ನುಡಿಸುವುದಕ್ಕೆ ಯಾವ ಕೊರತೆಯೂ ಇಲ್ಲ. ಒಣಗಿದಂತೆ ಕಂಡರೆ ಫ್ರೆಟ್‌ಬೋರ್ಡಿಗೆಂದೇ ಮಾರುವ ಖನಿಜ ತೈಲ ಒಂದೆರಡು ಹನಿ ಸಾಕು. ಅಡುಗೆಮನೆಯ ಎಣ್ಣೆ ಬೇಡ. ನಮ್ಮ ಕುಸುಬೆ ಎಣ್ಣೆಯಂತೂ ಗಾಳಿಗೆ ಅಂಟಂಟಾಗಿ ಗಟ್ಟಿಯಾಗುವ ಜಾತಿಯದು.

ನೆಕ್ ಮತ್ತು ಮೈ ಕೂಡುವ ಜಾಗವನ್ನು ಮರೆಯಬಾರದು. ನಾಲ್ಕು ತಿರುಪುಗಳಿಂದ ಬಿಗಿದ ನೆಕ್ ಸರಿಯಾಗಿ ಕೂತಿದ್ದರೆ ಅತಿ ದಪ್ಪ ಮತ್ತು ಅತಿ ತೆಳು ತಂತಿಗಳು ಫ್ರೆಟ್‌ಬೋರ್ಡಿನ ಎರಡೂ ಅಂಚುಗಳಿಂದ ಉದ್ದಕ್ಕೂ ಸಮ ದೂರದಲ್ಲಿರುತ್ತವೆ. ಕೊನೆಯ ಫ್ರೆಟ್‌ಗಳ ಹತ್ತಿರ ಒಂದು ತಂತಿ ಅಂಚಿನಿಂದ ಜಾರಿ ಬೀಳುವಂತಿದ್ದರೆ ನೆಕ್ ವಾರೆಯಾಗಿದೆ. ತಿರುಪು ಸ್ವಲ್ಪ ಸಡಿಲಿಸಿ ನೆಕ್ಕನ್ನು ಒತ್ತಿ ಮತ್ತೆ ಬಿಗಿದರೆ ಎಷ್ಟೋ ಸಲ ಸರಿಹೋಗುತ್ತದೆ. ಆದರೆ ಮೈಯ ಮೇಲೆ ತಂತಿಗಳನ್ನು ಹೊತ್ತಿರುವ ಬ್ರಿಡ್ಜ್‌ನ ತೂತುಗಳನ್ನೇ ವಾರೆಯಾಗಿ ಕೊರೆದಿದ್ದರೆ ಸರಿಹೋಗುವುದಿಲ್ಲ.

ತಂತಿ ಕೂರುವ ಗಾಡಿ

ತಲೆಯ ಕಡೆ ತಂತಿಗಳು ಹಾದುಹೋಗುವ ಸಣ್ಣ ಪಟ್ಟಿಗೆ ನಟ್ ಎನ್ನುತ್ತಾರೆ. ಈ ಬೆಲೆಯಲ್ಲಿ ಅದು ಪ್ಲಾಸ್ಟಿಕ್, ಎಷ್ಟೋ ಸಲ ಒಳಗೆ ಪೊಳ್ಳು. ಅದರ ವಸ್ತುವಿನ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. ತಕರಾರಿರುವುದು ಗಾಡಿಗಳ ಆಳದ ಬಗ್ಗೆ. ಆಳ ಹೆಚ್ಚಾದರೆ ತಂತಿ ಫ್ರೆಟ್‌ಗೆ ತಗುಲಿ ಗಿಟಾರ್ ಅಂಗಡಿಯಲ್ಲೇ ಝುಂ ಎನ್ನುತ್ತದೆ, ಗಿರಾಕಿ ಎದ್ದು ಹೋಗುತ್ತಾನೆ. ಆ ಅಪಾಯ ಬೇಡವೆಂದು ಕಾರ್ಖಾನೆಗಳು ಆಳ ಕಡಿಮೆ ಮಾಡಿ ತಂತಿಯನ್ನು ಎತ್ತರದಲ್ಲೇ ಬಿಡುತ್ತವೆ. ಆಗ ಮೊದಲ ಫ್ರೆಟ್ ಒತ್ತಲು ಬಲ ಹಾಕಬೇಕಾಗುತ್ತದೆ. ಬಲ ಹಾಕಿದಷ್ಟೂ ತಂತಿ ಹಿಗ್ಗಿ ಸ್ವರ ಮೇಲಕ್ಕೆ ಹೋಗುತ್ತದೆ. ಹೊಸದಾಗಿ ಕಲಿಯುವವರು ತಮ್ಮ ಬೆರಳನ್ನೇ ಬಯ್ದುಕೊಂಡು, ಗಿಟಾರನ್ನು ಮೂಲೆಗೆ ಸೇರಿಸುವುದು ಇಲ್ಲಿ.

ಪರೀಕ್ಷೆ ಸುಲಭ. ತಂತಿಯನ್ನು ಮೂರನೆಯ ಫ್ರೆಟ್‌ನಲ್ಲಿ ಒತ್ತಿ, ಮೊದಲ ಫ್ರೆಟ್‌ನ ಮೇಲೆ ಇಣುಕಿ ನೋಡಿ. ಬೆಳಕಿನ ಸಣ್ಣ ಗೆರೆಯಷ್ಟು ಸಂದು ಇರಬೇಕು; ಬೆರಳಿನಿಂದ ತಟ್ಟಿದರೆ ‘ಟಿಕ್’ ಎನ್ನಬೇಕು. ಎದ್ದು ಕಾಣುವಷ್ಟು ಸಂದು ಇದ್ದರೆ ಗಾಡಿ ಎತ್ತರದಲ್ಲಿದೆ. ಗಾಡಿ ಬಿಗಿಯಾಗಿದ್ದರೆ ಇನ್ನೊಂದು ಲಕ್ಷಣ ಕಾಣಿಸುತ್ತದೆ: ಕೀಲಿ ತಿರುಗಿಸಿದಾಗ ತಂತಿ ಸುಮ್ಮನಿದ್ದು, (ಶ್ರುತಿ ಮಾಡಲು ತಲೆಯ ಮೇಲಿರುವ ಹಿಡಿಗಳೇ ಕೀಲಿಗಳು) ಆಮೇಲೆ ‘ಟಣ್’ ಎಂದು ಒಮ್ಮೆಲೇ ಜಿಗಿಯುತ್ತದೆ. ಶ್ರುತಿ ನಿಲ್ಲುವುದಿಲ್ಲ ಎಂದು ಜನ ಕೀಲಿಗಳನ್ನು ಬದಲಾಯಿಸುತ್ತಾರೆ. ತಪ್ಪು ಕೀಲಿಯದಲ್ಲ, ತಂತಿಯನ್ನು ಹಿಡಿದಿಟ್ಟ ಗಾಡಿಯದು. ಪೆನ್ಸಿಲ್ಲಿನ ಸೀಸವನ್ನು ಗಾಡಿಗೆ ಉಜ್ಜಿದರೆ ತಕ್ಷಣಕ್ಕೆ ಉಪಶಮನ. ಶಾಶ್ವತ ಮದ್ದು ಎಲುಬಿನ ಅಥವಾ ಗ್ರಾಫೈಟ್ ಬೆರೆತ ಹೊಸ ನಟ್. ಅದರ ಬೆಲೆ ಒಂದು ಸೆಟ್ ಕೀಲಿಗಳ ಬೆಲೆಯ ಮುಂದೆ ಏನೂ ಅಲ್ಲ.

ಸತು, ಉಕ್ಕು ಮತ್ತು ಒಂದು ಅಯಸ್ಕಾಂತ

ಅಗ್ಗದ ಗಿಟಾರಿನ ಲೋಹದ ಭಾಗಗಳ ಬಗ್ಗೆ ಮಾತಾಡುವವರು ‘ಸತುವಿನ ಎರಕ’ ಎಂದು ಮೂಗು ಮುರಿಯುತ್ತಾರೆ. ಬೀದರಿನ ನೆರೆಯವರಿಗೆ ಸತುವನ್ನು ಅಷ್ಟು ಸುಲಭವಾಗಿ ಹೀಗಳೆಯಲು ಬರುವುದಿಲ್ಲ. ಬಿದ್ರಿ ಹೂಜಿಯ ಮೈ ಸತುವಿನದೇ. ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಚಿತ್ತಾರ ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರ ಕದಡಿದ ಬಿಸಿನೀರಿನಲ್ಲಿ ಕಪ್ಪಾಗಿಸುತ್ತಾರೆ. ಲೋಹ ಅಗ್ಗದ್ದು, ಬೆಲೆ ಬಂದದ್ದು ಕೈಗೆ. ಸತು 420 ಡಿಗ್ರಿಯೊಳಗೆ ಕರಗುತ್ತದೆ, ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಗಿಟಾರ್ ಕಾರ್ಖಾನೆಗಳು ಅದನ್ನು ಮೆಚ್ಚಿರುವುದಕ್ಕೂ ಇವೇ ಕಾರಣ.

ವ್ಯತ್ಯಾಸ ಇರುವುದು ಹೊರೆಯಲ್ಲಿ. ಹೂಜಿಯನ್ನು ಯಾರೂ ಎಳೆಯುವುದಿಲ್ಲ. ಗಿಟಾರಿನ ಬ್ರಿಡ್ಜ್ ಮೇಲೆ ಆರು ತಂತಿಗಳ ಎಳೆತ ಹಗಲೂ ರಾತ್ರಿ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಸತುವಿನಲ್ಲಿ ಕೊರೆದ ತಿರುಪಿನ ಎಳೆಗಳು ಮೆತ್ತಗೆ. ಮತ್ತೆ ಮತ್ತೆ ತಿರುಗಿಸುವ, ತೂಗಾಡುವ ಜಾಗಗಳಲ್ಲಿ ಅವು ಸವೆಯುತ್ತವೆ. ಸುಮ್ಮನೆ ಕೂತಿರುವ ಜಾಗದಲ್ಲಿ ಸತು ಇದ್ದರೆ ಚಿಂತೆಯಿಲ್ಲ, ಚಲಿಸುವ ಜಾಗದಲ್ಲಿದ್ದರೆ ಎರಡು ಸಲ ಯೋಚಿಸಬೇಕು ಎಂಬುದು ನನ್ನ ಲೆಕ್ಕ.

ಇದನ್ನು ತಿಳಿಯಲು ಅಯಸ್ಕಾಂತದ ಒಂದು ಚೂರು ಸಾಕು, ಕೆಟ್ಟ ಇಯರ್‌ಫೋನಿನಿಂದ ಕಿತ್ತದ್ದಾದರೂ ಸರಿ. ಉಕ್ಕಿಗೆ ಅದು ಅಂಟುತ್ತದೆ. ಸತುವಿಗೆ, ಹಿತ್ತಾಳೆಗೆ ಅಂಟುವುದಿಲ್ಲ. ಹಿತ್ತಾಳೆಯನ್ನು ಗೀರಿದ ಜಾಗದಲ್ಲಿ ಹಳದಿ ಕಾಣುತ್ತದೆ, ಸತುವಿನಲ್ಲಿ ಬೂದು. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ಗಳ ಹತ್ತಿರ ಮಾತ್ರ ಈ ಪ್ರಯೋಗ ಬೇಡ. ಬ್ರಿಡ್ಜ್‌ನ ಮೇಲೆ ತಂತಿ ಕೂರುವ ಆರು ಸ್ಯಾಡಲ್‌ಗಳು, ಅವುಗಳ ಕೆಳಗಿನ ಪಟ್ಟಿ, ಟ್ರೆಮೊಲೊ (ಹಿಡಿ ಒತ್ತಿ ಸ್ವರ ಏರಿಳಿಸುವ, ತೂಗಾಡುವ ಬ್ರಿಡ್ಜ್) ಇದ್ದರೆ ಹಿಂದಿನ ಮುಚ್ಚಳದ ಒಳಗಿನ ದಿಮ್ಮಿ, ಇವನ್ನು ನೋಡಬೇಕು. ಫೆಂಡರ್ 1954ರಲ್ಲಿ ಸ್ಟ್ರ್ಯಾಟೊಕ್ಯಾಸ್ಟರ್ ತಂದಾಗ ಆ ದಿಮ್ಮಿ ಉಕ್ಕಿನದಾಗಿತ್ತು. ಅಗ್ಗದವುಗಳಲ್ಲಿ ಅದು ಸತು, ಮೈಯ ಮರವೂ ತೆಳುವಾದ್ದರಿಂದ ದಿಮ್ಮಿಯೂ ತೆಳು. ಉಕ್ಕು ಹಾಕಿದರೆ ನಾದ ಸ್ವರ್ಗಕ್ಕೇರುತ್ತದೆ ಎಂದು ಮಾರುವವರ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ಟ್ರೆಮೊಲೊ ಹಿಡಿ ತಿರುಪುವ ತೂತು ಸತುವಿನಲ್ಲಿ ಬೇಗ ಸವೆದು ಹಿಡಿ ಗಡಗಡ ಅಲ್ಲಾಡುವುದು ನಿಜ.

ಹೀಗಾಗಿ ಮೊದಲ ಗಿಟಾರಿಗೆ ಬ್ರಿಡ್ಜ್ ಅಲುಗಾಡದ ಮಾದರಿಯೇ ಮೇಲು. ಟ್ರೆಮೊಲೊ ಬೇಕೇಬೇಕೆಂದರೆ ಆರು ತಿರುಪಿನ ಸಾದಾ ಟ್ರೆಮೊಲೊ ಇರಲಿ, ಹಿಂದೆ ಸ್ಪ್ರಿಂಗುಗಳನ್ನು ಬಿಗಿದು ಅದನ್ನು ಮೈಗೆ ಒರಗಿಸಿಡಬಹುದು. ಫ್ಲಾಯ್ಡ್ ರೋಸ್ ಮಾದರಿಯ, ತಂತಿಗೆ ಬೀಗ ಹಾಕುವ ಎರಡು ಬದಿಯ ಟ್ರೆಮೊಲೊ ಇರುವ ಅಗ್ಗದ ಗಿಟಾರ್ ಕಂಡರೆ ದೂರ ಸರಿಯಿರಿ. ಆ ಯಂತ್ರ ಇಡಿಯಾಗಿ ಎರಡು ಗೂಟಗಳ ಮೇಲೆ ಚಾಕುವಿನ ಅಲಗಿನಂಥ ಅಂಚಿನಿಂದ ನಿಂತಿರುತ್ತದೆ. ಆ ಅಂಚು ಗಟ್ಟಿ ಉಕ್ಕಿನದಾಗಿರಬೇಕು. ಮೆತ್ತನೆಯ ಲೋಹದಲ್ಲಿ ಮಾಡಿದರೆ ಅಲಗು ಮೊಂಡಾಗುತ್ತದೆ, ಆಮೇಲೆ ಶ್ರುತಿ ಎಂಬುದು ಹಳೆಯ ನೆನಪು. ಅಲ್ಲದೆ ಒಂದು ತಂತಿ ಹರಿದರೆ ಉಳಿದ ಐದೂ ಶ್ರುತಿ ತಪ್ಪುತ್ತವೆ. ಜಾತ್ರೆಯ ಆರ್ಕೆಸ್ಟ್ರಾ ವೇದಿಕೆಯಲ್ಲಿ ನಿಂತವರಿಗೆ ಅದು ಬೇಡವಾದ ಪರೀಕ್ಷೆ.

ಕೀಲಿಗಳ ಬಗ್ಗೆ ಸಂಕ್ಷೇಪವಾಗಿ: ಪೆಟ್ಟಿಗೆಯ ಮೇಲೆ 14:1, 18:1 ಎಂದು ಬರೆದಿದ್ದರೆ ಹಿಡಿಯನ್ನು ಅಷ್ಟು ಸುತ್ತು ತಿರುಗಿಸಿದಾಗ ತಂತಿಯ ಗೂಟ ಒಂದು ಸುತ್ತು ತಿರುಗುತ್ತದೆ ಎಂದರ್ಥ. ಸಂಖ್ಯೆ ದೊಡ್ಡದಾದಷ್ಟೂ ನಾಜೂಕಾಗಿ ಶ್ರುತಿ ಮಾಡಬಹುದು. ಆದರೆ ಸಂಖ್ಯೆಗಿಂತ ಕೈಗೆ ಸಿಗುವ ಅನುಭವ ಮುಖ್ಯ. ಹಿಡಿಯನ್ನು ಹಿಂದೆ ಮುಂದೆ ತಿರುಗಿಸಿ: ಗೂಟ ಅಲುಗದೆ ಹಿಡಿ ಮಾತ್ರ ಸ್ವಲ್ಪ ದೂರ ಖಾಲಿ ತಿರುಗಿದರೆ ಒಳಗಿನ ಹಲ್ಲುಗಳು ಸಡಿಲ. ಕೀಲಿ ಬದಲಾಯಿಸುವುದು ಮನೆಯಲ್ಲೇ ಆಗುವ ಕೆಲಸವಾದ್ದರಿಂದ ಇದಕ್ಕಾಗಿ ಒಳ್ಳೆಯ ನೆಕ್ ಇರುವ ಗಿಟಾರನ್ನು ಬಿಡಬೇಡಿ.

ಸೌಂದರ್ಯದಲ್ಲಿ ಸಾಕ್ಷಿ ಯಾವುದು, ಸಿಂಗಾರ ಯಾವುದು

ಈ ಬೆಲೆಯಲ್ಲಿ ಮೈಯ ಮರ ಸಾಮಾನ್ಯವಾಗಿ ಪಾಪ್ಲರ್ ಅಥವಾ ಬಾಸ್‌ವುಡ್. ಹಲವು ತುಂಡುಗಳನ್ನು ಅಂಟಿಸಿದ್ದು. ಮೇಲೆ ಗಟ್ಟಿ ಪಾಲಿಯೆಸ್ಟರ್ ಬಣ್ಣ ದಪ್ಪಗೆ ಕೂತಿರುತ್ತದೆ. ಗಾಢ ಬಣ್ಣದಡಿ ಎಷ್ಟು ತುಂಡುಗಳಿವೆ ಎಂದು ತಿಳಿಯುವುದಿಲ್ಲ, ತಿಳಿಯಬೇಕಾದದ್ದೂ ಇಲ್ಲ. ಅಂಟು ಸರಿಯಾಗಿದ್ದರೆ ಮೂರು ತುಂಡಿನ ಮೈ ಒಂದೇ ತುಂಡಿನದಕ್ಕಿಂತ ಕಡಿಮೆಯಲ್ಲ. ದಪ್ಪ ಬಣ್ಣವನ್ನು ಹಳಿಯುವವರಿದ್ದಾರೆ; ಬಿಸಿಲಿಗೂ ಬೆವರಿಗೂ ಅದು ತೆಳು ನೈಟ್ರೊಸೆಲ್ಯುಲೋಸ್ ಲೇಪಕ್ಕಿಂತ ಚೆನ್ನಾಗಿ ತಡೆಯುತ್ತದೆ ಎಂಬುದನ್ನು ಅವರು ಹೇಳುವುದಿಲ್ಲ.

ಮೇಲೆ ಹುಲಿಪಟ್ಟೆಯಂಥ ಅಲೆಗಳಿರುವ ಮೇಪಲ್ ಮರ ಕಂಡರೆ ಮರುಳಾಗಬೇಡಿ. ಅದು ಕಾಗದದಷ್ಟು ತೆಳುವಾಗಿ ಸೀಳಿ ಅಂಟಿಸಿದ ಮರದ ಪದರ, ಇಲ್ಲವೇ ಮರದ ಚಿತ್ರ ಮುದ್ರಿಸಿದ ಹಾಳೆ. ಬೆಳಕಿನಡಿ ಗಿಟಾರನ್ನು ವಾಲಿಸಿದಾಗ ಅಲೆಗಳ ಹೊಳಪು ಜಾಗ ಬದಲಿಸಿದರೆ ನಿಜವಾದ ಮರ. ಎತ್ತ ವಾಲಿಸಿದರೂ ಅದೇ ಕಪ್ಪು ಗೆರೆ ಅದೇ ಜಾಗದಲ್ಲಿದ್ದರೆ ಚಿತ್ರ. ಎರಡರಿಂದಲೂ ನಾದಕ್ಕೆ ಏನೂ ಆಗುವುದಿಲ್ಲ, ಬೆಲೆಗೆ ಮಾತ್ರ ಆಗುತ್ತದೆ. ಒಂದೇ ಬೆಲೆಯ ಎರಡು ಗಿಟಾರುಗಳಲ್ಲಿ ಒಂದಕ್ಕೆ ಚಿನ್ನದ ಬಣ್ಣದ ಲೋಹ, ಅಲೆಯ ಮರ, ಅಂಚಿಗೆ ಬಿಳಿ ಪಟ್ಟಿ, ಮುತ್ತಿನ ಚಿಪ್ಪಿನಂಥ ಗುರುತುಗಳಿದ್ದು, ಇನ್ನೊಂದು ಬರಿಯ ಕಪ್ಪಾಗಿದ್ದರೆ, ನಾನು ಕಪ್ಪಿನ ಕಡೆ ಮೊದಲು ಕೈ ಚಾಚುತ್ತೇನೆ. ಸಿಂಗಾರಕ್ಕೆ ಹೋದ ಹಣ ಎಲ್ಲಿಂದಲೋ ಬಂದಿರಲೇಬೇಕು. ಚಿನ್ನದ ಲೇಪವಂತೂ ಅಂಗೈ ಊರುವ ಜಾಗದಲ್ಲಿ ಬೆವರಿಗೆ ಬೇಗ ಹೋಗುತ್ತದೆ. ಕ್ರೋಮ್ ಹೆಚ್ಚು ಬಾಳುತ್ತದೆ.

ಆದರೆ ಕೆಲವು ಸೌಂದರ್ಯದ ವಿವರಗಳು ಸಾಕ್ಷಿ ಹೇಳುತ್ತವೆ. ಬಿಳಿ ಪಟ್ಟಿಯ ಮೇಲೆ ಬಣ್ಣ ಹರಿದಿದ್ದರೆ, ಪ್ಲಾಸ್ಟಿಕ್ ಫಲಕದ ತಿರುಪು ವಾರೆಯಾಗಿದ್ದರೆ, ನಟ್‌ನ ಬುಡದಲ್ಲಿ ಅಂಟು ಹೆಪ್ಪುಗಟ್ಟಿದ್ದರೆ, ಆ ಗಿಟಾರ್ ಹಾದುಬಂದ ಕೈಗಳು ಅವಸರದಲ್ಲಿದ್ದವು ಎಂದು ತಿಳಿಯಬಹುದು. ಅಂಥ ಕೈಗಳು ಒಳಗಿನ ಬೆಸುಗೆಯನ್ನೂ ಅದೇ ಅವಸರದಲ್ಲಿ ಮಾಡಿರುವ ಸಾಧ್ಯತೆ ಹೆಚ್ಚು. ನೆಕ್ ಸೇರುವ ಮೂಲೆಯಲ್ಲಿ ಬಣ್ಣದಲ್ಲಷ್ಟೇ ಇರುವ ಕೂದಲೆಳೆಯ ಬಿರುಕು ಸಾಮಾನ್ಯ, ಅದಕ್ಕೆ ಅಳುಕಬೇಕಿಲ್ಲ. ತಲೆ ಹಿಂದಕ್ಕೆ ಬಾಗಿರುವ ಲೆಸ್ ಪಾಲ್ ಮಾದರಿಯಲ್ಲಿ ತಲೆಯ ಬುಡದ ಬಿರುಕು ಕಂಡರೆ ಮಾತ್ರ ಅಲ್ಲೇ ನಿಲ್ಲಿಸಿ. ಆ ಗಿಟಾರುಗಳು ಬಿದ್ದಾಗ ಮುರಿಯುವುದು ಸರಿಯಾಗಿ ಅಲ್ಲೇ. ಫಲಕದ ಮೇಲೆ ಗುಳ್ಳೆ, ಗೀರು ಕಂಡು ಗಾಬರಿಯಾಗುವ ಮೊದಲು ಉಗುರಿನಿಂದ ಮೂಲೆ ಎಬ್ಬಿ ನೋಡಿ; ಎಷ್ಟೋ ಸಲ ಅದು ಕಿತ್ತು ಬಿಸಾಡಬೇಕಾದ ರಕ್ಷಣಾ ಹಾಳೆ.

ತಲೆಯ ಮೇಲೆ ‘ಗಿಬ್ಸನ್’ ಎಂದಿದ್ದು ಬೆಲೆ ಇಪ್ಪತ್ತು ಸಾವಿರ ಎಂದರೆ ಅದು ಗಿಬ್ಸನ್ ಅಲ್ಲ. ನಿಜವಾದ ಗಿಬ್ಸನ್‌ನಲ್ಲಿ ಟ್ರಸ್ ರಾಡ್ ಮುಚ್ಚಳಕ್ಕೆ ಎರಡು ತಿರುಪು. ನಕಲಿಗಳಲ್ಲಿ ಸಾಮಾನ್ಯವಾಗಿ ಮೂರು. ಕೋಲ್ಕತ್ತದಲ್ಲಿ ತಯಾರಾಗುವ ಗಿವ್ಸನ್ ಬೇರೆಯೇ ಕಂಪನಿ, ಅದನ್ನು ನಕಲಿಯೆಂದು ತಿಳಿಯಬೇಡಿ. ಕೈ ಬದಲಾದ ಗಿಟಾರುಗಳು ಬೀದರ್‌ನ ಚರ್ಚ್ ಹಾಡುತಂಡಗಳ ಕಡೆಯಿಂದಲೋ ಕಾಲೇಜು ಮುಗಿಸಿದವರಿಂದಲೋ ಮಾರಾಟಕ್ಕೆ ಬಂದಾಗ ಈ ಮುಚ್ಚಳ ನೋಡುವುದು ಒಳ್ಳೆಯ ಅಭ್ಯಾಸ.

ಒಳಗಿನ ತಂತಿ, ಹೊರಗಿನ ಕರೆಂಟು

ಪಿಕಪ್‌ಗಳ ಬಗ್ಗೆ ಜನ ಅತಿ ಹೆಚ್ಚು ಜಗಳವಾಡುತ್ತಾರೆ. ಕೊಳ್ಳುವ ದಿನ ಅವು ಅತಿ ಕಡಿಮೆ ಮುಖ್ಯ. ಅಗ್ಗದವುಗಳಲ್ಲಿ ಸೆರಾಮಿಕ್ ಅಯಸ್ಕಾಂತ, ದುಬಾರಿಯವುಗಳಲ್ಲಿ ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಸೇರಿದ ಆಲ್ನಿಕೊ ಎಂಬುದು ಸ್ಥೂಲವಾದ ರೂಢಿ. ಸೆರಾಮಿಕ್ ಪಿಕಪ್ ಚುರುಕಾಗಿ, ಸ್ವಲ್ಪ ಒರಟಾಗಿ ನುಡಿಯಬಹುದು. ಕಲಿಯುವ ವರ್ಷಗಳಿಗೆ ಧಾರಾಳ ಸಾಕು.

ಒಂಟಿ ಸುರುಳಿಯ ಪಿಕಪ್ ಕರೆಂಟಿನ ಗುಂಯ್‌ಗುಟ್ಟುವಿಕೆಯನ್ನು ಹಿಡಿಯುತ್ತದೆ. ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಸ್, ಆ ಗುಂಯ್ ಕೂಡ ಅದೇ ಶ್ರುತಿಯದು ಮತ್ತು ಅದರ ಮೇಲಿನ ಸ್ವರಗಳದು. ಇದನ್ನು ತಡೆಯಲೆಂದೇ ಗಿಬ್ಸನ್‌ನ ಸೆಥ್ ಲವರ್ 1955ರಲ್ಲಿ ಎರಡು ಸುರುಳಿಗಳ ಹಂಬಕರ್ ರೂಪಿಸಿದ. ಆದ್ದರಿಂದ ಒಂಟಿ ಸುರುಳಿಯ ಗುಂಯ್ ದೋಷವಲ್ಲ, ಜಾತಿಯ ಗುಣ. ದೋಷವೇ ಎಂದು ತಿಳಿಯಲು ತಂತಿಯನ್ನು ಬೆರಳಿನಿಂದ ಮುಟ್ಟಿ. ಗುಂಯ್ ಕಡಿಮೆಯಾದರೆ ಗಿಟಾರಿನೊಳಗಿನ ಅರ್ಥ್ ತಂತಿ ಸರಿಯಾಗಿದೆ. ಹೆಚ್ಚಾದರೆ ಎಲ್ಲೋ ಬೆಸುಗೆ ಬಿಟ್ಟಿದೆ. ಮುಟ್ಟಿದಾಗ ಜುಮ್ಮೆಂದು ಕರೆಂಟು ಹೊಡೆದಂತಾದರೆ ತಕ್ಷಣ ಪ್ಲಗ್ ಕೀಳಿ. ಅದು ಗಿಟಾರಿನ ತಪ್ಪಾಗಿರುವುದು ಕಡಿಮೆ. ಆಂಪ್‌ನದೋ (ಗಿಟಾರಿನ ಧ್ವನಿವರ್ಧಕ) ಗೋಡೆಯ ಪ್ಲಗ್‌ನದೋ ಅರ್ಥ್ ಇಲ್ಲದಿರುವುದು ಕಾರಣ. ಹಳೆಯ ಮನೆಗಳಲ್ಲಿ, ಗಣೇಶನ ಪೆಂಡಾಲಿಗೆ ಎಳೆದ ತಾತ್ಕಾಲಿಕ ಲೈನುಗಳಲ್ಲಿ ಇದು ಅಪರೂಪವೇನಲ್ಲ. ಆಂಪ್‌ನ ಮೂರು ಕಡ್ಡಿಯ ಪ್ಲಗ್ಗನ್ನು ಎರಡು ತೂತಿಗೆ ಹೊಂದಿಸಿ ನುಡಿಸುವ ಸಾಹಸ ಬೇಡ.

ಉಳಿದದ್ದು ಗುಂಡಿಗಳು. ಆಂಪ್‌ಗೆ ಜೋಡಿಸಿ ಪ್ರತಿ ಗುಂಡಿಯನ್ನೂ ಸೊನ್ನೆಯಿಂದ ಹತ್ತಕ್ಕೆ ತಿರುಗಿಸಿ, ಪಿಕಪ್ ಆರಿಸುವ ಸ್ವಿಚ್ಚನ್ನು ಎಲ್ಲ ಸ್ಥಾನಗಳಿಗೂ ತಳ್ಳಿ, ಜ್ಯಾಕ್‌ನಲ್ಲಿ ಕೇಬಲ್ಲನ್ನು ಸ್ವಲ್ಪ ಅಲ್ಲಾಡಿಸಿ ಕೇಳಿ. ಕರಕರ ಬಂದರೂ ಧೃತಿಗೆಡಬೇಡಿ. ಗುಂಡಿ, ಸ್ವಿಚ್ಚು, ಜ್ಯಾಕ್‌ಗಳ ಬಿಡಿಭಾಗ ಅಗ್ಗ, ಮತ್ತು ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಸುತ್ತ ಟಿವಿ, ಮೊಬೈಲ್ ರಿಪೇರಿಗೆ ಕೂತ ಯಾರಾದರೂ ಬೆಸುಗೆ ಹಾಕಿಕೊಡಬಲ್ಲರು. ಪಟ್ಟಿ ಸಿಕ್ಕಿಸುವ ಗುಬುಟಿನ ತಿರುಪು ಸಡಿಲವಿದ್ದರೆ ಬೆಂಕಿಕಡ್ಡಿಯ ಚೂರಿಗೆ ಫೆವಿಕಾಲ್ ಹಚ್ಚಿ ತೂತಿಗೆ ತುರುಕಿ, ಒಣಗಿದ ಮೇಲೆ ಬಿಗಿದರೆ ಆಯಿತು.

ಪೆಟ್ಟಿಗೆ ಮನೆಗೆ ಬಂದಾಗ

ಆನ್‌ಲೈನಿನಲ್ಲಿ ತರಿಸಿದವರಿಗೆ ಹಿಂದಿರುಗಿಸುವ ಅವಧಿ ಕೆಲವೇ ದಿನ. ಮರ ಹೊಸ ಊರಿನ ಗಾಳಿಗೆ ಹೊಂದಿಕೊಳ್ಳಲು ವಾರಗಳು ಬೇಕು. ಆದ್ದರಿಂದ ಈ ಕೆಲವು ದಿನಗಳನ್ನು ಎಂದೂ ಬದಲಾಗದ ದೋಷಗಳ ಹುಡುಕಾಟಕ್ಕೆ ಮೀಸಲಿಡಬೇಕು. ಪೆಟ್ಟಿಗೆ ತೆರೆಯುವುದನ್ನು ವಿಡಿಯೊ ಮಾಡಿಕೊಳ್ಳಿ. ಬೇಸಿಗೆಯಲ್ಲಿ ಲಾರಿಯ ಕಾವಿನಿಂದ ಬಂದ ಪೆಟ್ಟಿಗೆಯನ್ನು ನೇರ ಕೂಲರ್ ಮುಂದೆ ಇಟ್ಟು ತೆರೆಯಬೇಡಿ, ಒಂದು ರಾತ್ರಿ ಮನೆಯ ನಡುಕೋಣೆಯಲ್ಲಿರಲಿ. ಕೂಲರ್ ಬಗ್ಗೆ ಹೇಳಲೇಬೇಕಾದ ಮಾತು: ಅದು ಗಾಳಿಗೆ ನೀರು ಬೆರೆಸುವ ಯಂತ್ರ. ಕೋಣೆಯಲ್ಲಿ ಇರುವುದರಿಂದ ಮರಕ್ಕೆ ಸ್ವಲ್ಪ ಒಳ್ಳೆಯದೇ ಆದೀತು. ಆದರೆ ಅದರ ಗಾಳಿ ನೇರ ಬಡಿಯುವಲ್ಲಿ ಗಿಟಾರ್ ನಿಲ್ಲಿಸಿದರೆ ತಂತಿ, ತಿರುಪುಗಳಿಗೆ ತುಕ್ಕು, ಹಗಲು ತೇವ ರಾತ್ರಿ ಒಣ ಎಂಬ ಎಳೆದಾಟಕ್ಕೆ ನೆಕ್ ಬಲಿ. ಗಾಳಿಯ ತೇವಾಂಶ ಶೇಕಡಾ 45ರಿಂದ 55ರ ನಡುವೆ ಇದ್ದರೆ ಗಿಟಾರಿಗೆ ಹಿತ. ನಮ್ಮ ಬೇಸಿಗೆಯಲ್ಲಿ ಬಯಲಿನಲ್ಲಿ ಅಷ್ಟು ಸಿಗುವುದಿಲ್ಲ, ಮುಚ್ಚಿದ ಪೆಟ್ಟಿಗೆಯಲ್ಲಿ ಒದ್ದೆ ಸ್ಪಂಜಿನ ತುಂಡನ್ನು ತೂತಿರುವ ಡಬ್ಬಿಯಲ್ಲಿಟ್ಟರೆ ಸ್ವಲ್ಪ ಸಿಗುತ್ತದೆ.

ತಂತಿ ಎತ್ತರವಾಗಿದೆ, ಹನ್ನೆರಡನೆಯ ಫ್ರೆಟ್‌ನ ಸ್ವರ ಸ್ವಲ್ಪ ಆಚೀಚೆ ಇದೆ, ತಂತಿಗಳು ಹಳತಾಗಿವೆ ಎಂಬ ಕಾರಣಕ್ಕೆ ಹಿಂದಿರುಗಿಸಬೇಡಿ. ಬದಲಿಗೆ ಬರುವ ಗಿಟಾರೂ ಹಾಗೆಯೇ ಇರುತ್ತದೆ. ತಿರುಚಿದ ನೆಕ್, ವಾರೆ ಬ್ರಿಡ್ಜ್, ಸ್ವರ ಸತ್ತ ಫ್ರೆಟ್, ತಲೆಯ ಬುಡದ ಬಿರುಕು, ಇವುಗಳಲ್ಲಿ ಒಂದಿದ್ದರೂ ವಾಪಸ್ ಕಳುಹಿಸಿ. ಇನ್ನೊಂದನ್ನು ಎಲ್ಲರೂ ಮರೆಯುತ್ತಾರೆ. ಜೊತೆಗೆ ಬಂದ, ತಿರುಪು ತಿರುಗಿಸುವ ಸಲಕರಣೆಯಿಂದ ಟ್ರಸ್ ರಾಡ್ ಅನ್ನು ಎಡಕ್ಕೆ ಕಾಲು ಸುತ್ತು, ಮತ್ತೆ ಬಲಕ್ಕೆ ಕಾಲು ಸುತ್ತು ತಿರುಗಿಸಿ ನೋಡಿ. ಎರಡೂ ಕಡೆ ಮೆಲ್ಲನೆಯ ಬಿಗುವಿನಿಂದ ತಿರುಗಬೇಕು. ಒಂದಿಷ್ಟೂ ಕದಲದಿದ್ದರೆ, ಇಲ್ಲವೇ ಹಿಡಿತವಿಲ್ಲದೆ ಖಾಲಿ ತಿರುಗುತ್ತಿದ್ದರೆ, ಬಲ ಹಾಕಲು ಹೋಗದೆ ಅವಧಿ ಮುಗಿಯುವ ಮೊದಲೇ ಪೆಟ್ಟಿಗೆ ಕಟ್ಟಿ ಕಳುಹಿಸಿಬಿಡಿ.